ಕಾಫಿಗೆ ಸಕ್ಕರೆ, ಸರ್ವರ್‌ಗೆ ಡೀಫಾಲ್ಟು

ಬೆಳಗ್ಗೆ ಹನ್ನೊಂದೂವರೆ ದಾಟಿ ಹತ್ತು ನಿಮಿಷ ಆಗಿರ್ಬೇಕು, ಕಾಫಿಗೆ ಅಂತ ಕೆಳಗಿಳಿದಿದ್ವಿ, ಫೋನ್ ಬಂತು. "ಗುರೂ, ಬಿಲ್ಲಿಂಗ್ ಹೋಯ್ತು, ಕೌಂಟರ್ ಮುಂದೆ ಜನ ನಿಂತವ್ರೆ." ಅಲ್ಲೇ ಮೊಬೈಲಲ್ಲಿ ಸರ್ವರ್‌ಗೆ ಲಾಗಿನ್ ಆಗಿ ನೋಡೋಷ್ಟ್ರಲ್ಲಿ ಎಲ್ಲಾ ಓಡ್ತಾನೇ ಇತ್ತು, ಡೇಟಾಬೇಸೂ ಎದ್ದು ಕೂತಿತ್ತು, ಆದ್ರೆ ಅದು ಎದ್ದು ಬರೀ ಮೂರು ನಿಮಿಷ ಆಗಿತ್ತು. ಅಂದ್ರೆ ಯಾರೋ ಈಗಷ್ಟೇ ರೀಸ್ಟಾರ್ಟ್ ಮಾಡಿದಾರೆ. ಯಾರಪ್ಪಾ ಅದು? ಆ ಮಷೀನಿನ ಕೀ (ಪಾಸ್‌ವರ್ಡ್ ಬದಲು ಲಾಗಿನ್‌ಗೆ ಬಳಸೋ ಗುಪ್ತ ಫೈಲ್) ಇರೋದು ನಮ್ ನಾಲ್ಕು ಜನರ ಹತ್ರ ಮಾತ್ರ, ನಾಲ್ಕೂ ಜನ ಅಲ್ಲೇ ಲೋಟ ಹಿಡ್ಕೊಂಡು ನಿಂತಿದೀವಿ.

ಲಾಗ್ (ಮಷೀನ್ ತಾನು ಮಾಡಿದ್ದನ್ನ ಬರೆದಿಡೋ ದಿನಚರಿ) ತೆಗೆದ್ರೆ ರೀಸ್ಟಾರ್ಟ್ ಮಾಡಿದ್ದು ಆಪ್ಟು, ಅಂದ್ರೆ ಡೆಬಿಯನ್ ಅನ್ನೋ ಲಿನಕ್ಸಲ್ಲಿ ಸಾಫ್ಟ್‌ವೇರ್ ಹಾಕೋ, ಅಪ್‌ಡೇಟ್ ಮಾಡೋ ಪ್ರೋಗ್ರಾಂ. ಡೆಬಿಯನ್‌ನಲ್ಲಿ ಅನ್‌ಅಟೆಂಡೆಡ್ ಅಪ್‌ಗ್ರೇಡ್, ಅಂದ್ರೆ ಯಾರೂ ಕೂತು ನೋಡ್ದೇನೇ ಆಗೋ ಅಪ್‌ಡೇಟ್, ಹಾಕಿದ್ರೆ ಅದನ್ನ ಓಡ್ಸೋದಕ್ಕೆ ಒಂದು ಸಿಸ್ಟಮ್‌ಡಿ (ಲಿನಕ್ಸಲ್ಲಿ ಸರ್ವಿಸ್‌ಗಳನ್ನ ಎಬ್ಬಿಸಿ ನೋಡ್ಕೊಳ್ಳೋ ಪ್ರೋಗ್ರಾಂ) ಟೈಮರ್ ಇರುತ್ತೆ, ಅದು ದಿನಾ ಬೆಳಗ್ಗೆ 6 ಗಂಟೆಗೆ, ಅದರ ಮೇಲೆ 60 ನಿಮಿಷದೊಳಗೆ ಯಾವಾಗಾದ್ರೂ ಅಂತ ಸೆಟ್ ಆಗಿರುತ್ತೆ. ಅವತ್ತು ನಮ್ ಡೇಟಾಬೇಸ್ ಪೋಸ್ಟ್‌ಗ್ರೆಸ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಬಂದಿತ್ತು, ಪ್ಯಾಕೇಜ್ ಅಪ್‌ಗ್ರೇಡ್ ಆದ್ರೆ ಡೇಟಾಬೇಸ್ ರೀಸ್ಟಾರ್ಟ್ ಆಗೋದು ಮಾಮೂಲಿ. ಎಲ್ಲಾ ಸರಿ, ಆದ್ರೆ ಬೆಳಗ್ಗೆ 6ಕ್ಕೆ ಆಗ್ಬೇಕಾದ್ದು ಹನ್ನೊಂದೂವರೆಗ್ಯಾಕೆ ಆಯ್ತು? ಯಾಕಂದ್ರೆ ನಾನು ಎಲ್ಲಾ ಸರ್ವರ್ ಗಡಿಯಾರಾನೂ ಯುಟಿಸಿಗೆ, ಅಂದ್ರೆ ಜಗತ್ತಿಗೆಲ್ಲಾ ಒಂದೇ ಆಗಿರೋ ಟೈಮಿಗೆ, ಇಟ್ಟಿದ್ದೆ. ನಮ್ ಟೈಮು ಅದಕ್ಕಿಂತ ಐದೂವರೆ ಗಂಟೆ ಮುಂದೆ, ಅಲ್ಲಿ 6 ಅಂದ್ರೆ ಇಲ್ಲಿ 11:30. ಅಂಗಡಿ ತುಂಬಿ ತುಳುಕೋ ಹೊತ್ತು.

ನನ್ ತಲೇಲಿ ಅವತ್ತಿಂದ ಕೊರೀತಿರೋ ವಿಷ್ಯ ಏನಂದ್ರೆ, ಇದರಲ್ಲಿ ಎರಡೂ ಒಳ್ಳೇ ಡೀಫಾಲ್ಟ್‌ಗಳೇ (ನಾವೇನೂ ಹೇಳ್ದೇ ಇದ್ರೆ ತಾನಾಗೇ ನಡೆಯೋ ಸೆಟ್ಟಿಂಗ್). ಅಪ್‌ಗ್ರೇಡನ್ನ ಜನ ಮಲಗಿರೋ ಹೊತ್ತಿಗೆ ಇಡೋದು ಸರಿಯಾದ ಯೋಚನೆ. ಸರ್ವರ್ ಗಡಿಯಾರ ಯುಟಿಸಿಲಿ ಇರ್ಲಿ ಅನ್ನೋದೂ ಸರಿಯಾದ ಯೋಚನೆ, ಬೇರೆ ಬೇರೆ ಕಡೆ ಇರೋ ಮಷೀನುಗಳ ಲಾಗ್ ಪಕ್ಕಪಕ್ಕ ಇಟ್ಟು ನೋಡುವಾಗ ಅದರ ಬೆಲೆ ಗೊತ್ತಾಗುತ್ತೆ. ಎರಡು ಒಳ್ಳೇವನ್ನ ಒಟ್ಟಿಗೆ ಹಾಕಿದ್ದಕ್ಕೆ ಒಂದು ಕೆಟ್ಟದ್ದು ಹುಟ್ಟಿತು, ಹಾಕಿದ್ದು ನಾನು, ಬೈಸ್ಕೊಂಡಿದ್ದೂ ನಾನೇ.

ಅದಾದ್ಮೇಲೆ ನಮ್ ಎಲ್ಲಾ ಮಷೀನಿಗೂ ಸೇರಿ ಒಂದು ಬೇಸ್ ಕಾನ್ಫಿಗ್, ಅಂದ್ರೆ ಎಲ್ಲದಕ್ಕೂ ತಳಹದಿ ಆಗೋ ಸೆಟ್ಟಿಂಗ್ ಫೈಲ್, ಮಾಡೋಣ ಅಂತ ಕೂತೆ. ಸುಮಾರು ಎರಡು ವರ್ಷ ಆಯ್ತು, ಮೂರು ಸಲ ಕಿತ್ತಾಕಿ ಬರ್ದಿದೀನಿ. ಏನೇನ್ ಕಲಿತೆ ಅನ್ನೋದನ್ನ ಒಂದ್ಸಲ ಬರೆದಿಡೋಣ ಅಂತ ಈ ಪೋಸ್ಟು.

ಮೊದಲು ಡೀಫಾಲ್ಟ್ ಅಂದ್ರೆ ಏನು ಅಂತ. ಬೆಂಗಳೂರಿನ ದರ್ಶಿನಿಗೆ ಹೋಗಿ "ಒಂದ್ ಕಾಫಿ" ಅಂದ್ರೆ ಸಕ್ಕರೆ ಹಾಕಿದ್ದೇ ಬರುತ್ತೆ, ಯಾರೂ ಕೇಳಲ್ಲ. ಬೇಡ ಅಂದ್ರೆ "ವಿತೌಟ್" ಅಂದ್ರೆ ಸಾಕು, ಒಂದೇ ಪದ, ಯಾರೂ ಮುಖ ಗಂಟಿಕ್ಕಲ್ಲ, ಕಾರಣ ಕೇಳಲ್ಲ. ಅದೇ ಕೌಂಟರಲ್ಲಿ ಇಡ್ಲಿ ವಡೆ ಹೇಳಿ ನೋಡಿ, "ಡಿಪ್ಪಾ, ಸೆಪರೇಟಾ?" ಅಂತ ಕೇಳೇ ಕೇಳ್ತಾರೆ. ಯಾಕೆ? ಸಾಂಬಾರಲ್ಲಿ ಮುಳುಗಿಸಿದ ವಡೇನ ಆಮೇಲೆ ಸೆಪರೇಟ್ ಮಾಡೋಕಾಗಲ್ಲ, ಮತ್ತೆ ಅರ್ಧ ಜನಕ್ಕೆ ಒಂಥರ ಇನ್ನರ್ಧ ಜನಕ್ಕೆ ಇನ್ನೊಂಥರ ಬೇಕು, ಊಹೆ ಮಾಡಿ ಪ್ರಯೋಜನ ಇಲ್ಲ. ಇನ್ನು ಕಾಫಿ ಬಿಸಿ ಇರ್ಬೇಕು ಅನ್ನೋದನ್ನ ಯಾರೂ ಕೇಳೋದೂ ಇಲ್ಲ, ಬದಲಾಯ್ಸೋಕೆ ಪದಾನೂ ಇಲ್ಲ. ಸರ್ವರ್ ಕಾನ್ಫಿಗಲ್ಲೂ ಹಿಂಗೇ, ಕೇಳದೇ ಕೊಡೋದು ಯಾವುದು, ಕೇಳಿಯೇ ಕೊಡ್ಬೇಕಾದ್ದು ಯಾವುದು, ಯಾರಿಗೂ ಬಿಟ್ಟುಕೊಡಬಾರದ್ದು ಯಾವುದು ಅಂತ ಬೇರೆ ಮಾಡೋದ್ರಲ್ಲೇ ಮುಕ್ಕಾಲು ಕೆಲಸ ಇದೆ. ನಾನು ಮೊದಲ ಸಲ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ್ದೆ.

ನಾವು ಆರಿಸ್ಕೊಂಡಿದ್ದು ನಿಕ್ಸ್‌ಓಎಸ್. ಗೊತ್ತಿಲ್ದೇ ಇರೋರಿಗೆ ಎರಡು ಮಾತು. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್ ಯೂನಿವರ್ಸಿಟಿಲಿ ಈಲ್ಕೊ ಡೊಲ್‌ಸ್ಟ್ರಾ ಅನ್ನೋರು ರಿಸರ್ಚ್ ಮಾಡ್ತಾ ನಿಕ್ಸ್ ಅನ್ನೋ ಪ್ಯಾಕೇಜ್ ಮ್ಯಾನೇಜರ್ (ಆಪ್ಟ್ ಥರ ಸಾಫ್ಟ್‌ವೇರ್ ಹಾಕೋ ಪ್ರೋಗ್ರಾಂ) ಶುರು ಮಾಡಿದ್ರು, ಅದರ ಮೇಲೆ ಕಟ್ಟಿದ ಲಿನಕ್ಸ್ ಇದು. ಇದರಲ್ಲಿ ಇಡೀ ಸಿಸ್ಟಮ್, ಯೂಸರ್‌ಗಳಿಂದ ಹಿಡಿದು ಫೈರ್‌ವಾಲ್, ಸರ್ವಿಸ್, ಲಿನಕ್ಸಿನ ತಿರುಳಾದ ಕರ್ನಲ್ ತನಕ, ಕಾನ್ಫಿಗ್ ಫೈಲಲ್ಲಿ ಬರೆದಿರೋದರಿಂದಲೇ ಹುಟ್ಟುತ್ತೆ, ಕೈಯಲ್ಲಿ ಹೋಗಿ ಅಲ್ಲೊಂದು ಇಲ್ಲೊಂದು ತಿದ್ದೋ ಹಂಗಿಲ್ಲ, ಕೆಟ್ಟರೆ ಹಿಂದಿನ ಜನರೇಷನ್‌ಗೆ, ಅಂದ್ರೆ ಮುಂಚೆ ಇದ್ದ ರೂಪಕ್ಕೆ, ವಾಪಸ್ ಹೋಗಬಹುದು. ನಂಗೆ ಇಷ್ಟ ಆಗಿದ್ದು ಇನ್ನೊಂದು ಕಾರಣಕ್ಕೆ. "ಇದು ಡೀಫಾಲ್ಟ್", "ಇದು ನಾನು ಬೇಕಂತ ಹೇಳಿದ್ದು", "ಇದು ಯಾರ್ ಏನೇ ಅಂದ್ರೂ ಹಿಂಗೇ ಇರ್ಬೇಕು" ಅನ್ನೋ ವ್ಯತ್ಯಾಸಾನ ಕಾನ್ಫಿಗ್‌ನಲ್ಲೇ ಬರೀಬಹುದು, ಅದಕ್ಕೆ ನಂಬರ್ ಇದೆ. ಮಾಡ್ಯೂಲ್ (ಸೆಟ್ಟಿಂಗ್‌ಗಳ ಒಂದು ಕಟ್ಟು) ಬರೆದೋರು ಆಪ್ಷನ್ ಜೊತೆ ಕೊಡೋ ಡೀಫಾಲ್ಟ್‌ಗೆ 1500, ಎಂಕೆಡೀಫಾಲ್ಟ್ ಅಂತ ಬರೆದ್ರೆ 1000, ಏನೂ ಹೇಳ್ದೇ ನೇರವಾಗಿ ಬರೆದ್ರೆ 100, ಎಂಕೆಫೋರ್ಸ್ ಅಂದ್ರೆ 50. ಕಮ್ಮಿ ನಂಬರ್ ಇರೋದು ಗೆಲ್ಲುತ್ತೆ.

ಇಷ್ಟು ಓದಿದ್ಮೇಲೂ ನಾನು ಮೊದಲ ವರ್ಷನ್‌ನಲ್ಲಿ ಎಲ್ಲಾನೂ ನೇರವಾಗಿ, ಅಂದ್ರೆ 100ರಲ್ಲಿ ಬರೆದೆ. ನಾನು ಬರೆದಿದ್ದಲ್ವಾ, ಸರಿಯಾಗೇ ಇರುತ್ತೆ ಅನ್ನೋ ಧೈರ್ಯ. ಒಂದು ವಾರ ಆಯ್ತು, ಹುಡುಗರು ಬೈಕೊಳ್ಳೋಕೆ ಶುರು ಮಾಡಿದ್ರು. ಒಂದು ಮಷೀನಲ್ಲಿ ಒಂದು ಬೆಲೆ (ವ್ಯಾಲ್ಯೂ) ಬದಲಾಯ್ಸೋಕೆ ಹೋದ್ರೆ "ಒಂದೇ ಆಪ್ಷನ್‌ಗೆ ಎರಡು ಬೇರೆ ಬೇರೆ ಬೆಲೆ ಕೊಟ್ಟಿದೀರ" ಅಂತ ಎರರ್, ಯಾಕಂದ್ರೆ ನಂದೂ 100, ಅವರದ್ದೂ 100, ಯಾರದ್ದು ಗೆಲ್ಬೇಕು? ಅವರು ಪಾಪ ದಾರಿ ಹುಡುಕಿಕೊಂಡ್ರು, ಎಲ್ಲಾ ಕಡೆ ಎಂಕೆಫೋರ್ಸ್ ಹಾಕ್ತಾ ಹೋದ್ರು. ಆರು ತಿಂಗಳಲ್ಲಿ ಎಲ್ಲಿ ನೋಡಿದ್ರೂ ಫೋರ್ಸು, ಮನೇಲಿ ಎಲ್ರೂ ಕಿರುಚಿಕೊಂಡೇ ಮಾತಾಡಿದಂಗೆ. ನಿಜವಾಗ್ಲೂ ಕಿರುಚಬೇಕಾದ ಜಾಗದಲ್ಲಿ ಏನ್ ಮಾಡೋದು ಆಮೇಲೆ?

ಸರಿ ಅಂತ ಎರಡನೇ ವರ್ಷನ್‌ನಲ್ಲಿ ಎಲ್ಲಾ ಲೈನಿಗೂ ಎಂಕೆಡೀಫಾಲ್ಟ್ ಬಳಿದೆ. ಈ ಸಲ ಯಾರೂ ಬೈಲಿಲ್ಲ, ಎಲ್ಲಾ ಸುಸೂತ್ರ, ಅದೇ ಸಮಸ್ಯೆ ಆಗಿದ್ದು. ನಮ್ ಎಲ್ಲಾ ಮಷೀನಲ್ಲೂ ಮಷೀನಿನ ಆರೋಗ್ಯದ ಅಂಕಿ ಹೊರಗೆ ಕೊಡೋ ನೋಡ್ ಎಕ್ಸ್‌ಪೋರ್ಟರ್ ಓಡುತ್ತೆ, ಅದರ ಪೋರ್ಟ್ (ನೆಟ್‌ವರ್ಕ್ ಬಾಗಿಲಿನ ನಂಬರ್) 9100, ಅದನ್ನ ಫೈರ್‌ವಾಲ್‌ನ ಪೋರ್ಟ್ ಪಟ್ಟಿಗೆ ಬೇಸಲ್ಲಿ ಎಂಕೆಡೀಫಾಲ್ಟ್ ಅಂತ ಸೇರಿಸಿದ್ದೆ. ನಮ್ ಹುಡುಗ ಒಬ್ಬ ವೆಬ್ ಸರ್ವರ್ ಹಾಕುವಾಗ ಅದೇ ಪಟ್ಟಿಗೆ 80, 443 ಅಂತ ಬರೆದ. ಅವನ ಲೆಕ್ಕದಲ್ಲಿ ಪಟ್ಟಿಗೆ ಎರಡು ಸೇರ್ಕೊಂಡ್ವು. ಆಗಿದ್ದೇನು ಅಂದ್ರೆ, ನೇರವಾಗಿ ಬರೆದ ಬೆಲೆ ಒಂದಿದ್ರೆ ಡೀಫಾಲ್ಟ್ ಅಂತ ಗುರುತು ಹಾಕಿದ್ದು ಪೂರ್ತಿ ಬಿದ್ದುಹೋಗುತ್ತೆ, ಪಟ್ಟಿ ಆದ್ರೂ ಸೇರಿಸ್ಕೊಳ್ಳಲ್ಲ. 9100 ಮಂಗಮಾಯ. ಗ್ರಾಫಲ್ಲಿ ಆ ಮಷೀನ್ ಕಾಣಿಸ್ತಾ ಇಲ್ಲ, ಅಲಾರಂ ಬರ್ಬೇಕಿತ್ತಲ್ಲ ಅಂದ್ರೆ ಆ ಅಲಾರಂ ಅನ್ನೂ ನಾನು ಸರಿಯಾಗಿ ಬರೆದಿರಲಿಲ್ಲ, ಅದು ಇನ್ನೊಂದು ಕಥೆ, ಬಿಡಿ. ಒಂದೇ ನಂಬರಲ್ಲಿರೋ ಪಟ್ಟಿಗಳು ಮಾತ್ರ ಒಂದಕ್ಕೊಂದು ಸೇರ್ತವೆ. ಹಾಗಾಗಿ ಈಗ ನಮ್ಮಲ್ಲಿ ಲೆಕ್ಕ ಹಿಂಗಿದೆ: ಒಂದೇ ಬೆಲೆ ಇರೋ ಆಪ್ಷನ್‌ಗೆ ಎಂಕೆಡೀಫಾಲ್ಟ್, ಪಟ್ಟಿಗೆ ನೇರವಾಗಿ ಬರೀತೀವಿ, ಆ ಪಟ್ಟಿಲಿ ಯಾವುದಾದ್ರೂ ಬೇಡ ಅನ್ನೋ ಸಾಧ್ಯತೆ ಇದ್ರೆ ಅದಕ್ಕೆ ಅಂತಲೇ ಆನ್ ಆಫ್ ಮಾಡೋ ನಮ್ದೇ ಒಂದು ಪುಟ್ಟ ಆಪ್ಷನ್. "ಮಾನಿಟರಿಂಗ್ ಬೇಡ" ಅಂತ ಒಂದು ಲೈನ್ ಬರೆದ್ರೆ ಸರ್ವಿಸೂ ಹೋಗುತ್ತೆ, ಪೋರ್ಟೂ ಹೋಗುತ್ತೆ. ದರ್ಶಿನಿಯ "ವಿತೌಟ್" ಇದ್ದಂಗೆ.

ಈಗ ಎಸ್‌ಎಸ್‌ಎಚ್, ಅಂದ್ರೆ ದೂರದಿಂದ ಸರ್ವರ್‌ಗೆ ಲಾಗಿನ್ ಆಗೋ ವಿಧಾನದ ವಿಷ್ಯ, ಇದನ್ನ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಯಾಕಂದ್ರೆ ಎಲ್ರೂ ತಮಗೆ ಗೊತ್ತು ಅಂದ್ಕೊಂಡಿರೋ ಜಾಗ ಇದು. ಇದಕ್ಕೆ ಬಳಸೋ ಪ್ರೋಗ್ರಾಂ ಓಪನ್‌ಎಸ್‌ಎಸ್‌ಎಚ್, ಅದರೋರು 2015ರಲ್ಲಿ 7.0 ಬಿಟ್ಟಾಗ ರೂಟ್‌ಗೆ (ಎಲ್ಲಾ ಅಧಿಕಾರ ಇರೋ ಯೂಸರ್) ಪಾಸ್‌ವರ್ಡ್ ಹಾಕಿ ಲಾಗಿನ್ ಆಗೋದನ್ನ ಡೀಫಾಲ್ಟಾಗಿ ನಿಲ್ಲಿಸಿದ್ರು, ಕೀ ಇದ್ರೆ ಮಾತ್ರ ಬಾ ಅಂತ. ಬೇರೆ ಯೂಸರ್‌ಗಳಿಗೆ ಪಾಸ್‌ವರ್ಡ್ ಇವತ್ತಿಗೂ ಡೀಫಾಲ್ಟಾಗಿ ನಡೆಯುತ್ತೆ. ಸರ್ವರ್ ಅಂದ್ಮೇಲೆ ಅದನ್ನ ಆಫ್ ಮಾಡ್ಬೇಕು, ಇದರಲ್ಲಿ ಎರಡನೇ ಮಾತಿಲ್ಲ, ಇಂಟರ್ನೆಟ್‌ಗೆ ಮುಖ ಮಾಡಿರೋ ಯಾವ ಮಷೀನಿನ ಲಾಗ್ ನೋಡಿದ್ರೂ ಅಡ್ಮಿನ್, ಟೆಸ್ಟ್, ಉಬುಂಟು ಅಂತ ಹೆಸರು ಹಾಕ್ಕೊಂಡು ಬಾಗಿಲು ಬಡೀತಾನೇ ಇರ್ತಾರೆ.

ನಮ್ಮ ಒಂದೆರಡು ಹಳೇ ಉಬುಂಟು ಮಷೀನು ಇನ್ನೂ ಇದಾವೆ, ಅವುಗಳಲ್ಲಿ ಇದನ್ನ ಆಫ್ ಮಾಡೋಕೆ ಒಂದು ಡ್ರಾಪ್-ಇನ್ ಫೈಲ್, ಅಂದ್ರೆ ಮುಖ್ಯ ಸೆಟ್ಟಿಂಗ್ ಜೊತೆ ಸೇರಿಸಿ ಓದೋ ಸಣ್ಣ ಫೈಲ್, ಮಾಡಿ, ಹೆಸರಿನ ಮುಂದೆ 99 ಅಂತ ಹಾಕಿ ಇಟ್ಟಿದ್ದೆ. 99 ಯಾಕಂದ್ರೆ ಕೊನೇಲಿ ಓದ್ಲಿ, ಕೊನೇದೇ ಗೆಲ್ಲಲಿ ಅಂತ. ಸಿಸ್ಟಮ್‌ಡಿ ಡ್ರಾಪ್-ಇನ್‌ಗಳಲ್ಲಿ ಹಂಗೇ, ಕರ್ನಲ್ ಸೆಟ್ಟಿಂಗ್ ಹಾಕೋ ಸಿಸ್‌ಕಂಟ್ರೋಲ್‌ನಲ್ಲೂ ಹಂಗೇ, ಕೈ ಹಂಗೇ ಪಳಗಿಬಿಟ್ಟಿದೆ. ಆದ್ರೆ ಎಸ್‌ಎಸ್‌ಎಚ್‌ಡಿ (ಸರ್ವರ್ ಕಡೆ ಓಡೋ ಎಸ್‌ಎಸ್‌ಎಚ್) ಉಲ್ಟಾ, ಅದು ಮೊದಲು ಸಿಕ್ಕಿದ ಬೆಲೇನೇ ಹಿಡ್ಕೊಳ್ಳುತ್ತೆ, ಆಮೇಲೆ ಬಂದಿದ್ದನ್ನ ತಿರುಗಿ ಕೂಡ ನೋಡಲ್ಲ. ಕೆಲವು ಕ್ಲೌಡ್ ಇಮೇಜುಗಳಲ್ಲಿ ಹೊಸ ಮಷೀನನ್ನ ಸಜ್ಜು ಮಾಡೋ ಕ್ಲೌಡ್-ಇನಿಟ್ ಮೊದಲೇ 50 ಅಂತ ನಂಬರ್ ಹಾಕಿ ಒಂದು ಫೈಲ್ ಬರೆದಿಟ್ಟಿರುತ್ತೆ, ಅದರಲ್ಲಿ ಪಾಸ್‌ವರ್ಡ್ ಲಾಗಿನ್ ಎಸ್ ಅಂತ ಇದ್ರೆ ಕಥೆ ಮುಗೀತು, ನನ್ 99 ಬರೀ ಅಲಂಕಾರ. ಎಷ್ಟೋ ತಿಂಗಳು ಪಾಸ್‌ವರ್ಡ್ ಬಂದ್ ಆಗಿದೆ ಅಂತ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೀನಿ. ಗೊತ್ತಾಗಿದ್ದು ಹೇಗೆ ಅಂದ್ರೆ ಹೊಸ ಲ್ಯಾಪ್‌ಟಾಪಲ್ಲಿ ಕೀ ಇಲ್ದೇ ಕನೆಕ್ಟ್ ಮಾಡಿದಾಗ ಅದು ಪಾಸ್‌ವರ್ಡ್ ಕೇಳ್ತು. ಎದೆ ಧಸಕ್ ಅಂತು.

ಅವತ್ತಿಂದ ಒಂದು ಅಭ್ಯಾಸ, ಫೈಲಲ್ಲಿ ಏನು ಬರೆದಿದೆ ಅಂತ ನೋಡೋದೇ ಬಿಟ್ಟೆ. ಎಸ್‌ಎಸ್‌ಎಚ್‌ಡಿಗೆ ದೊಡ್ಡಕ್ಷರದ ಟಿ ಕೊಟ್ಟು ಓಡಿಸಿದ್ರೆ ಎಲ್ಲಾ ಫೈಲೂ ಓದಿ ಕೊನೆಗೆ ಏನ್ ತೀರ್ಮಾನ ಮಾಡಿದೀನಿ ಅನ್ನೋದನ್ನ ಅದೇ ಹೇಳುತ್ತೆ. ನಮ್ ಬೇಸ್‌ನ ಟೆಸ್ಟಲ್ಲಿ ಈಗ ಅದನ್ನೇ ಓಡ್ಸಿ, ಪಾಸ್‌ವರ್ಡ್ ಸಾಲಲ್ಲಿ ನೋ ಅಂತ ಇಲ್ಲದೇ ಹೋದ್ರೆ ಬಿಲ್ಡೇ (ಕಾನ್ಫಿಗ್‌ನಿಂದ ಸಿಸ್ಟಮ್ ಕಟ್ಟೋ ಹಂತ) ಫೇಲ್. ಇದು ಮೂರನೇ ಜಾತಿಯ ಸೆಟ್ಟಿಂಗ್, ಬಿಸಿ ಕಾಫಿ. ಎಂಕೆಫೋರ್ಸ್ ನಮ್ ಇಡೀ ಬೇಸಲ್ಲಿ ನಾಲ್ಕೇ ಕಡೆ ಉಳ್ಕೊಂಡಿದೆ, ಅದ್ರಲ್ಲಿ ಇದೊಂದು.

ಆದ್ರೆ ಪಾಸ್‌ವರ್ಡ್ ಬಂದ್ ಮಾಡೋ ಡೀಫಾಲ್ಟ್‌ಗೆ ಒಂದು ಅಡ್ಡ ಪರಿಣಾಮ ಇದೆ, ಕೀ ಹಾಕೋದು ಮರೆತ್ರೆ ಬೀಗ ಹಾಕಿ ಬೀಗದಕೈ ಒಳಗೇ ಬಿಟ್ಟಂಗೆ. ನಿಕ್ಸ್‌ಓಎಸ್‌ನೋರು ಇದಕ್ಕೆ ಮಾಡಿರೋ ಉಪಾಯ ಚೆನ್ನಾಗಿದೆ. ಯೂಸರ್‌ಗಳನ್ನ ಕಾನ್ಫಿಗ್‌ನಿಂದ ಮಾತ್ರ ಮಾಡೋ ಮೋಡ್‌ನಲ್ಲಿ, ರೂಟ್‌ಗಾಗ್ಲಿ ವೀಲ್ ಅನ್ನೋ ಅಡ್ಮಿನ್ ಗುಂಪಿನ ಯಾರಿಗಾಗ್ಲಿ ಪಾಸ್‌ವರ್ಡೂ ಇಲ್ಲ ಕೀನೂ ಇಲ್ಲ ಅಂದ್ರೆ ಅದು ಬಿಲ್ಡ್ ಮಾಡೋಕೇ ಒಪ್ಪಲ್ಲ, ನೀನು ಆಚೆ ಸಿಕ್ಕಾಕೋತೀಯ ಕಣಪ್ಪಾ ಅಂತ ಹೇಳಿ ನಿಲ್ಲುತ್ತೆ. ಮಷೀನ್ ಹತ್ರ ಹೋಗೋಕೂ ಮುಂಚೆ, ನನ್ ಲ್ಯಾಪ್‌ಟಾಪಲ್ಲೇ. ಡಿಪ್ಪಾ ಸೆಪರೇಟಾ ಅಂತ ಕೇಳೋದು ಅಂದ್ರೆ ಇದು.

ಈ ಕೇಳೋ ಕೆಲಸ ನಾವೂ ಮಾಡ್ತೀವಿ. ನಿಕ್ಸ್‌ನಲ್ಲಿ ಆಪ್ಷನ್ ಮಾಡುವಾಗ ಡೀಫಾಲ್ಟ್ ಕೊಡ್ದೇ ಬಿಟ್ರೆ ಸಾಕು, ಯಾರಾದ್ರೂ ಅದಕ್ಕೆ ಬೆಲೆ ಕೊಡೋ ತನಕ ಬಿಲ್ಡ್ ಮುಂದೆ ಹೋಗಲ್ಲ. ಮಷೀನ್ ಹೆಸರು ಹಂಗೆ ಬಿಟ್ಟಿದೀನಿ. ಸ್ಟೇಟ್‌ವರ್ಷನ್ ಅಂತ ಒಂದಿದೆ, ಅದನ್ನ ಬೇಸಲ್ಲಿ ಇಡಲೇಬಾರದು ಅನ್ನೋದು ನನ್ ಖಡಾಖಂಡಿತ ಅಭಿಪ್ರಾಯ. ಹೆಸರು ನೋಡಿ ಜನ ಅದನ್ನ ಓಎಸ್ ವರ್ಷನ್ ಅಂದ್ಕೊಂಡು ಪ್ರತಿ ಅಪ್‌ಗ್ರೇಡಲ್ಲೂ ಏರಿಸ್ತಾರೆ. ಅದು ಹೇಳೋದು ಈ ಮಷೀನನ್ನ ಮೊದಲು ಯಾವ ರಿಲೀಸಲ್ಲಿ ಇನ್‌ಸ್ಟಾಲ್ ಮಾಡಿದ್ದು ಅಂತ, ಉದಾಹರಣೆಗೆ ನೀವು ವರ್ಷನ್ ಹೇಳ್ದೇ ಇದ್ರೆ ಯಾವ ಪೋಸ್ಟ್‌ಗ್ರೆಸ್ ಬರ್ಬೇಕು ಅನ್ನೋದು ಇದರ ಮೇಲೆ ನಿಂತಿದೆ. ಬೇಸಲ್ಲಿ ಒಂದೇ ಕಡೆ ಬರೆದು ಒಂದಿನ ಏರಿಸಿದ್ರೆ ಹಳೇ ಮಷೀನಿನ ಡೇಟಾ ಒಂದ್ ಕಡೆ, ಹೊಸ ಡೇಟಾಬೇಸ್ ಇನ್ನೊಂದ್ ಕಡೆ ಖಾಲಿ ಡಬ್ಬ ಹಿಡ್ಕೊಂಡು ಕೂರುತ್ತೆ. ಹುಟ್ಟಿದ ತಾರೀಕನ್ನ ಮನೆಯೋರಿಗೆಲ್ಲಾ ಸೇರಿಸಿ ಒಂದೇ ಇಟ್ಟಂಗೆ ಆಗುತ್ತೆ ಅದು.

ಇನ್ನೊಂದು ಪಾಠ, ಯಾರು ಎದುರಿಗೆ ಕೂತಿರ್ತಾರೆ ಅನ್ನೋದು. ಒಂದು ವಿಪಿಎಸ್‌ಗೆ (ಬಾಡಿಗೆಗೆ ಸಿಗೋ ವರ್ಚುವಲ್ ಸರ್ವರ್) ಬ್ಯಾಕಪ್‌ಗೆ ಅಂತ ಎಕ್ಸ್‌ಟ್ರಾ ಡಿಸ್ಕ್ ಹಾಕಿದ್ವಿ, ಕೆಲಸ ಮುಗೀತು ಅಂತ ತೆಗೆದ್ವಿ, ಬೂಟ್ ಆಗುವಾಗ ಜೋಡಿಸೋ ಡಿಸ್ಕ್‌ಗಳ ಮೌಂಟ್ ಪಟ್ಟಿಯಿಂದ ತೆಗೆಯೋದು ಮರೆತ್ವಿ. ಎರಡು ತಿಂಗಳಾದ್ಮೇಲೆ ರೀಬೂಟ್ ಮಾಡಿದ್ರೆ ಮಷೀನ್ ಬರ್ಲೇ ಇಲ್ಲ. ಆ ಡಿಸ್ಕ್‌ಗೆ ಸಿಸ್ಟಮ್‌ಡಿ 90 ಸೆಕೆಂಡ್ ಕಾಯುತ್ತೆ, ಸಿಗ್ಲಿಲ್ಲ ಅಂದ್ರೆ ಎಮರ್ಜೆನ್ಸಿ ಮೋಡ್‌ಗೆ ಹೋಗಿ ರೂಟ್ ಪಾಸ್‌ವರ್ಡ್ ಕೇಳ್ತಾ ಸ್ಕ್ರೀನ್ ಮುಂದೆ ನಿಲ್ಲುತ್ತೆ. ಲ್ಯಾಪ್‌ಟಾಪ್ ಆದ್ರೆ ಇದು ಬಹಳ ಒಳ್ಳೇ ಡೀಫಾಲ್ಟು, ಎದುರಿಗೆ ಮನುಷ್ಯ ಇರ್ತಾನೆ. ಎಲ್ಲೋ ಡೇಟಾ ಸೆಂಟರಲ್ಲಿರೋ ವರ್ಚುವಲ್ ಮಷೀನಿಗೆ ಸ್ಕ್ರೀನೆಲ್ಲಿ, ಕೀಬೋರ್ಡೆಲ್ಲಿ? ಬ್ಯಾಕಪ್ ಡಿಸ್ಕ್ ಇಲ್ದೇ ಇದ್ರೂ ಪರವಾಗಿಲ್ಲ, ನೆಟ್‌ವರ್ಕ್ ತಗೊಂಡು ಎಸ್‌ಎಸ್‌ಎಚ್ ಎಬ್ಬಿಸಪ್ಪಾ, ಉಳಿದಿದ್ದು ನಾನ್ ನೋಡ್ಕೋತೀನಿ, ಅಂತ ಹೇಳ್ಬೇಕು ಅದಕ್ಕೆ. ನಿಕ್ಸ್‌ಓಎಸ್ ಜೊತೆ ಬರೋ ಹೆಡ್‌ಲೆಸ್ (ಸ್ಕ್ರೀನ್ ಇಲ್ಲದ ಮಷೀನಿನ) ಪ್ರೊಫೈಲ್‌ನಲ್ಲಿ ಇದೇ ಮಾಡಿದಾರೆ, ಎಮರ್ಜೆನ್ಸಿ ಮೋಡ್ ಆಫ್, ಕರ್ನಲ್ ಪ್ಯಾನಿಕ್ ಆದ್ರೆ, ಅಂದ್ರೆ ಕರ್ನಲ್ಲೇ ಕೆಟ್ಟು ನಿಂತ್ರೆ, ಒಂದು ಸೆಕೆಂಡ್ ಬಿಟ್ಟು ರೀಬೂಟ್. ಕರ್ನಲ್‌ನ ಸ್ವಂತ ಡೀಫಾಲ್ಟ್ ಏನು ಅಂದ್ರೆ ಸಾಮಾನ್ಯವಾಗಿ 0, ಅಂದ್ರೆ ಪ್ಯಾನಿಕ್ ಆದ್ರೆ ಯಾರಾದ್ರೂ ಬಂದು ಒತ್ತೋ ತನಕ ಹಂಗೇ ನಿಂತಿರೋದು. ಎಸ್‌ಆರ್‌ವಿಓಎಸ್ ಅನ್ನೋ ಕಮ್ಯುನಿಟಿ ಪ್ರಾಜೆಕ್ಟ್ ಒಂದಿದೆ, ನಿಕ್ಸ್‌ಓಎಸ್ ಸರ್ವರ್‌ಗಳಿಗೆ ಅಂತಲೇ ಇಂಥ ಡೀಫಾಲ್ಟ್‌ಗಳನ್ನ ಒಟ್ಟು ಹಾಕಿರೋದು. ಅದನ್ನ ಹಂಗೇ ಬಳಸದೇ ಇದ್ರೂ ಅದರ ಕಾಮೆಂಟ್‌ಗಳನ್ನ ಕೂತು ಓದಿ, ಯಾಕೆ ಹಿಂಗೆ ಅಂತ ಬರೆದಿದಾರೆ, ಅರ್ಧ ಬೇಸ್ ನಂಗೆ ಅಲ್ಲೇ ಹೊಳೆದಿದ್ದು.

ಕಾಮೆಂಟ್ ಅಂದ್ಮೇಲೆ ನೆನಪಾಯ್ತು. ನಮ್ ಹಳೇ ಬೇಸಲ್ಲಿ ಸ್ವಾಪಿನೆಸ್ (ಮೆಮೊರಿಲಿರೋದನ್ನ ಡಿಸ್ಕ್‌ಗೆ ತಳ್ಳೋಕೆ ಕರ್ನಲ್‌ಗೆ ಎಷ್ಟು ಒಲವು ಅನ್ನೋದು) 10 ಅಂತ ಒಂದು ಲೈನ್ ಇತ್ತು. ಕರ್ನಲ್ ಡೀಫಾಲ್ಟ್ 60. ಯಾಕೆ 10? ಹಾಕಿದ್ದು ನಾನೇ, ಎಲ್ಲಿಂದ ತಂದೆ ಅಂತ ನೆನಪಿಲ್ಲ. ತೆಗೆದೆ, ಏನೂ ಆಗ್ಲಿಲ್ಲ. ಅದರ ಕೆಳಗೆ ಸೋಮ್ಯಾಕ್ಸ್‌ಕಾನ್ (ಸರದಿಲಿ ಕಾಯೋ ಕನೆಕ್ಷನ್‌ಗಳ ಮಿತಿ) 1024 ಅಂತ ಇನ್ನೊಂದು. ಒಂದು ಕಾಲದಲ್ಲಿ ಕರ್ನಲ್ ಡೀಫಾಲ್ಟ್ 128 ಇತ್ತು, ಆಗ 1024 ದೊಡ್ಡದು. 2019ರಲ್ಲಿ ಬಂದ 5.4 ಕರ್ನಲ್‌ನಲ್ಲಿ ಅದನ್ನ 4096ಕ್ಕೆ ಏರಿಸಿದ್ರು, ಅಂದ್ರೆ ಸ್ಪೀಡ್ ಮಾಡ್ತೀನಿ ಅಂತ ಹಾಕಿದ್ದ ನನ್ ಲೈನು ಅಲ್ಲಿಂದಾಚೆಗೆ ಬ್ರೇಕ್ ಒತ್ಕೊಂಡು ಕೂತಿತ್ತು! ಈಗ ನಮ್ಮಲ್ಲಿ ಯಾಕೆ ಅನ್ನೋ ಒಂದು ಸಾಲು ಮತ್ತು ತಾರೀಕು ಇಲ್ದೇ ಬೇಸ್‌ಗೆ ಏನೂ ಒಳಗೆ ಬರಲ್ಲ. ಹಾಗೆ ಮಾಡಿದ್ಮೇಲೆ ಬೇಸ್ ಅರ್ಧಕ್ಕರ್ಧ ಇಳೀತು.

ಲಾಗ್ ವಿಷ್ಯ ಬೇಗ ಹೇಳ್ತೀನಿ. ಸಿಸ್ಟಮ್‌ಡಿಯ ಲಾಗ್ ಬರೆಯೋ ಜರ್ನಲ್‌ಡಿ ತಾನಾಗೇ ಡಿಸ್ಕಿನ 10 ಪರ್ಸೆಂಟ್ ತನಕ, ಅದೂ 4 ಜಿಬಿ ಮೀರದಂಗೆ ಅಂತ ಮಿತಿ ಹಾಕ್ಕೊಂಡಿರುತ್ತೆ, ಒಳ್ಳೇ ಡೀಫಾಲ್ಟು, ನಾನು ಮುಟ್ಟೋಕೆ ಹೋಗಲ್ಲ. ಪ್ರೋಗ್ರಾಂಗಳನ್ನ ಕಂಟೇನರ್ ಅನ್ನೋ ಬೇರೆ ಬೇರೆ ಡಬ್ಬಿಲಿ ಓಡಿಸೋ ಡಾಕರ್‌ನ ಜೇಸನ್ ಫೈಲ್ ಲಾಗ್‌ಗೆ ಡೀಫಾಲ್ಟಾಗಿ ಮಿತಿನೇ ಇಲ್ಲ, ಕಂಟೇನರ್ ಬಡಬಡಾಯಿಸ್ತಾ ಇದ್ರೆ ಡಿಸ್ಕ್ ತುಂಬೋ ತನಕ ಬೆಳೆಯುತ್ತೆ. ತಾನಾಗೇ ರೊಟೇಟ್ ಮಾಡೋ (ಹಳೇ ಲಾಗ್ ಅಳಿಸ್ತಾ ಹೋಗೋ) ಲೋಕಲ್ ಅನ್ನೋ ಡ್ರೈವರ್ ಅವರ ಹತ್ರಾನೇ ಇದೆ, ಅವರ ಡಾಕ್ಯುಮೆಂಟಲ್ಲೇ ಅದನ್ನ ಬಳಸಿ ಅಂತ ಸಲಹೆ ಕೊಡ್ತಾರೆ, ಆದ್ರೂ ಡೀಫಾಲ್ಟ್ ಹಳೇದೇ, ಹಳೇ ವರ್ಷನ್‌ಗಳ ಜೊತೆ ಹೊಂದಾಣಿಕೆ ಇರ್ಲಿ ಅಂತ. ಒಂದ್ಸಲ ಹೊರಗೆ ಬಿಟ್ಟ ಡೀಫಾಲ್ಟ್ ವಾಪಸ್ ತಗೊಳ್ಳೋದು ಎಷ್ಟು ಕಷ್ಟ ನೋಡಿ, ಅದರ ಮೇಲೆ ಯಾರ್ಯಾರು ಏನೇನ್ ಕಟ್ಕೊಂಡಿರ್ತಾರೋ. ಒಂದು ಪ್ರೋಸೆಸ್ ಎಷ್ಟು ಫೈಲ್ ತೆರೀಬಹುದು ಅನ್ನೋ ಮಿತಿನೂ ಅಷ್ಟೇ, ಸಿಸ್ಟಮ್‌ಡಿನೋರು 2018ರಲ್ಲಿ ಮೇಲಿನ ಮಿತಿನ 524288ಕ್ಕೆ ಏರಿಸಿದ್ರು, ಕೆಳಗಿನದ್ದು ಇವತ್ತಿಗೂ 1024, ಯಾಕಂದ್ರೆ ಸೆಲೆಕ್ಟ್ ಅನ್ನೋ ಓಬೀರಾಯನ ಕಾಲದ ಸಿಸ್ಟಮ್ ಕಾಲ್‌ಗೆ 1024ರ ಆಚೆ ಎಣಿಸೋಕೆ ಬರಲ್ಲ, ಅದನ್ನ ನಂಬಿರೋ ಪ್ರೋಗ್ರಾಂ ಎಲ್ಲಿ ಕೆಡುತ್ತೋ ಅಂತ. ಹೆಚ್ಚು ಬೇಕಾದೋರು ತಾವೇ ಕೇಳಿ ಏರಿಸ್ಕೊಳ್ಳಲಿ ಅಂತ ಬಿಟ್ಟಿದಾರೆ. ಇದು ನಂಗೆ ತುಂಬಾ ಹಿಡಿಸಿದ ಡಿಸೈನ್.

ಮೊದಲ ದಿನವೇ ತಪ್ಪಾದ ಡೀಫಾಲ್ಟ್ ಬಿಟ್ರೆ ಏನಾಗುತ್ತೆ ಅನ್ನೋದಕ್ಕೆ ಮಾಂಗೋಡಿಬಿ ಅನ್ನೋ ಡೇಟಾಬೇಸಿನ ಕಥೆ ಎಲ್ರಿಗೂ ಗೊತ್ತಿರೋದೇ. ಹಿಂದೆ ಅದು ಡೀಫಾಲ್ಟಾಗಿ ಎಲ್ಲಾ ನೆಟ್‌ವರ್ಕ್ ಕಡೆಗೂ ಕಿವಿ ತೆರ್ಕೊಂಡು ಕೂರ್ತಿತ್ತು, ಪಾಸ್‌ವರ್ಡೂ ಕೇಳ್ತಿರಲಿಲ್ಲ. 2017ರ ಜನವರಿಲಿ ಇಂಥ ಸಾವಿರಾರು ಡೇಟಾಬೇಸ್‌ಗಳನ್ನ ಅಳಿಸಿ, ದುಡ್ಡು ಕೊಟ್ರೆ ವಾಪಸ್ ಕೊಡ್ತೀವಿ ಅಂತ ಚೀಟಿ ಬಿಟ್ಟುಹೋದ್ರು. ಅದೇ ವರ್ಷ ಬಂದ 3.6ರಿಂದ ಲೋಕಲ್‌ಹೋಸ್ಟ್‌ಗೆ (ಅದೇ ಮಷೀನಿಗೆ) ಮಾತ್ರ ಅಂತ ಡೀಫಾಲ್ಟ್ ಆಯ್ತು. ರೆಡಿಸ್ ಅನ್ನೋ ಇನ್ನೊಂದು ಡೇಟಾಬೇಸಿನೋರು ಅದಕ್ಕೂ ಮುಂಚೆ, 2016ರಲ್ಲೇ, 3.2ರಲ್ಲಿ ಇಂಥದ್ದನ್ನ ತಡೆಯೋ ಪ್ರೊಟೆಕ್ಟೆಡ್ ಮೋಡ್ ತಂದಿದ್ರು. ಅಲ್ಲಿ ಡೇಟಾ ಕಳ್ಕೊಂಡೋರು ದಡ್ಡರೇನಲ್ಲ, ಇನ್‌ಸ್ಟಾಲ್ ಮಾಡಿದ್ರು, ಓಡ್ತು, ಬೇರೆ ಕೆಲಸ ನೋಡಿದ್ರು, ನಾವೆಲ್ಲಾ ಮಾಡೋ ಥರಾನೇ. ಡೆಬಿಯನ್‌ನಲ್ಲಿ ಸರ್ವಿಸ್ ಇನ್‌ಸ್ಟಾಲ್ ಮಾಡಿದ ತಕ್ಷಣ ಅದು ಸ್ಟಾರ್ಟ್ ಆಗುತ್ತೆ, ಫೆಡೋರಾ ಅನ್ನೋ ಇನ್ನೊಂದು ಲಿನಕ್ಸಲ್ಲಿ ಕೆಲವನ್ನ ಬಿಟ್ರೆ ನೀವು ಎನೇಬಲ್ ಮಾಡೋ ತನಕ ಸುಮ್ನೆ ಇರುತ್ತೆ. ಈ ಜಗಳದಲ್ಲಿ ನಾನು ಯಾವಾಗ್ಲೂ ಫೆಡೋರಾ ಪಾರ್ಟಿ. ಇನ್‌ಸ್ಟಾಲಿಗೂ ಸ್ಟಾರ್ಟಿಗೂ ನಡುವೆ ಕಾನ್ಫಿಗ್ ಬರೆಯೋಷ್ಟು ಜಾಗ ಬೇಕು ಮಾರಾಯ್ರೆ.

ಇನ್ನು ನಮ್ ಭಾಷೆಗೇ ಸಂಬಂಧಪಟ್ಟಿದ್ದು ಒಂದಿದೆ, ಲೊಕ್ಯಾಲ್, ಅಂದ್ರೆ ಭಾಷೆ, ಅಕ್ಷರದ ಸೆಟ್ಟಿಂಗ್. ಸರ್ವರ್ ಅಂದ್ರೆ ಇಂಗ್ಲಿಷ್ ಸಾಕಲ್ವಾ ಅಂತ ಬರೀ ಸಿ ಅನ್ನೋ ಲೊಕ್ಯಾಲ್‌ನಲ್ಲಿ ಬಿಟ್ಟಿರ್ತಾರೆ, ಅದರಲ್ಲಿ ಎಲ್ಲಾ ಭಾಷೆ ಅಕ್ಷರಾನೂ ಬರೆದಿಡೋ ಯುಟಿಎಫ್-8 ಇರಲ್ಲ. ಆಗ ಟರ್ಮಿನಲ್‌ನಲ್ಲಿ 'ಕ' ಅಂತ ಹೆಸರಿರೋ ಫೈಲ್ 340, 262, 225 ಅಂತ ಮೂರು ನಂಬರಾಗಿ ಕಾಣಿಸುತ್ತೆ. ಅದು ಬರೀ ಕಣ್ಣಿಗೆ ಕಿರಿಕಿರಿ, ಬಿಡಿ. ಅದೇ ಲೊಕ್ಯಾಲ್‌ನಲ್ಲಿ ಪೋಸ್ಟ್‌ಗ್ರೆಸ್ ಹೊಸದಾಗಿ ಕೂರಿಸಿದ್ರೆ ಎನ್‌ಕೋಡಿಂಗ್ ಎಸ್‌ಕ್ಯೂಎಲ್ ಆಸ್ಕಿ ಆಗುತ್ತೆ, ಅದು ಅಕ್ಷರ ಎಣಿಸಲ್ಲ, ಬೈಟ್ ಎಣಿಸುತ್ತೆ. ಕನ್ನಡದ ಒಂದೊಂದು ಕೋಡ್ ಪಾಯಿಂಟಿಗೂ (ಅಕ್ಷರ, ಕೊಂಬು ಪ್ರತಿಯೊಂದಕ್ಕೂ ಇರೋ ನಂಬರ್) 3 ಬೈಟು. 'ಮಂಜುನಾಥ' ಅನ್ನೋದರಲ್ಲಿ ಸೊನ್ನೆ, ಕೊಂಬು, ದೀರ್ಘ ಎಲ್ಲಾ ಸೇರಿ 7 ಕೋಡ್ ಪಾಯಿಂಟ್, ಅಂದ್ರೆ 21 ಬೈಟ್. ಹೆಸರಿಗೆ 20 ಅಕ್ಷರ ಅಂತ ಕಾಲಂ ಮಾಡಿದ್ರೆ ಮಂಜುನಾಥ ಅದರೊಳಗೆ ಹಿಡಿಸಲ್ಲ! ಕರ್ನಾಟಕದಲ್ಲಿ ಒಬ್ಬ ಮಂಜುನಾಥನ್ನೂ ಸೇರಿಸ್ಕೊಳ್ಳೋಕೆ ಆಗದೇ ಇರೋ ಡೇಟಾಬೇಸ್ ಇಟ್ಕೊಂಡು ಏನ್ ಮಾಡೋದು. ಯುಟಿಎಫ್-8 ನಮ್ಮ ನಾಲ್ಕು ಎಂಕೆಫೋರ್ಸ್‌ಗಳಲ್ಲಿ ಎರಡನೇದು.

ಮತ್ತೆ ಆ ಹನ್ನೊಂದೂವರೆ ಕಥೆಗೆ ಬರ್ತೀನಿ. ನಿಕ್ಸ್‌ಓಎಸ್‌ಗೆ ಬಂದ್ರೆ ಅದು ತಪ್ಪುತ್ತೆ ಅಂದ್ಕೊಂಡಿದ್ದೆ. ಅಲ್ಲಿ ಆಟೋ ಅಪ್‌ಗ್ರೇಡ್ ಡೀಫಾಲ್ಟಾಗಿ ಆಫ್, ಆನ್ ಮಾಡಿದ್ರೆ ಟೈಮು 04:40, ರೀಬೂಟ್ ಮಾತ್ರ ನೀವು ಹೇಳೋ ತನಕ ಮಾಡಲ್ಲ. ಟೈಮ್ ಝೋನ್ ಏನೂ ಹೇಳ್ದೇ ಇದ್ರೆ ಯುಟಿಸಿ. 04:40ಕ್ಕೆ ಐದೂವರೆ ಗಂಟೆ ಕೂಡಿಸಿ ನೋಡಿ, ಬೆಳಗ್ಗೆ 10:10. ಅಂಗಡಿ ಷಟರ್ ಎತ್ತಿ ದೇವರ ಫೋಟೋಗೆ ಊದುಬತ್ತಿ ಹಚ್ಚೋ ಹೊತ್ತು. ಎಲ್ಲಿ ಹೋದ್ರೂ ಬಿಡಲ್ಲ ಇದು.

ಇದಕ್ಕೆ ಎಲ್ರೂ ಹೇಳೋ ಪರಿಹಾರ ಸರ್ವರ್ ಗಡಿಯಾರಾನೇ ಏಷ್ಯಾ ಕೋಲ್ಕತಾಗೆ ಇಡು ಅಂತ. ನಾನು ಒಪ್ಪಲ್ಲ, ನಮ್ ಎರಡು ಮಷೀನ್ ಯೂರೋಪಲ್ಲಿದಾವೆ, ಲಾಗ್ ಹೊಂದಿಸೋಕೆ ಯುಟಿಸಿ ಬೇಕೇ ಬೇಕು. ಸಿಸ್ಟಮ್‌ಡಿ ಟೈಮರ್‌ನ ಆನ್‌ಕ್ಯಾಲೆಂಡರ್ ಸಾಲಲ್ಲಿ ಟೈಮಿನ ಕೊನೆಗೆ ಝೋನ್ ಹೆಸರೂ ಬರೀಬಹುದು ಅನ್ನೋದು ನಂಗೆ ತಡವಾಗಿ ಗೊತ್ತಾಯ್ತು. ಗಡಿಯಾರ ಯುಟಿಸಿಲೇ ಇರುತ್ತೆ, ಈ ಒಂದು ಟೈಮರ್ ಮಾತ್ರ 03:30 ಏಷ್ಯಾ ಕೋಲ್ಕತಾ ಅಂತ ನಡೆಯುತ್ತೆ. ಬೇಸಲ್ಲಿ ಈಗ ಟೈಮ್ ಝೋನ್ ಯುಟಿಸಿ ಅಂತ ಡೀಫಾಲ್ಟ್ ಇದೆ, ಜೊತೆಗೆ "ಈ ಮಷೀನ್ ಯಾವ ಊರಿನ ಜನಕ್ಕೆ" ಅಂತ ಡೀಫಾಲ್ಟೇ ಇಲ್ಲದ ಒಂದು ಆಪ್ಷನ್ ಇದೆ, ಅದಕ್ಕೆ ಉತ್ತರ ಕೊಡ್ಲೇಬೇಕು, ಅಪ್‌ಗ್ರೇಡು, ರೀಬೂಟು, ಕಸ ಗುಡಿಸೋದು (ಬೇಡದ ಹಳೇ ಫೈಲ್ ಅಳಿಸೋದು) ಎಲ್ಲದರ ಟೈಮೂ ಅದರಿಂದ ಲೆಕ್ಕ ಆಗುತ್ತೆ. ಯಂತ್ರದ ಟೈಮ್ ಬೇರೆ, ಅದನ್ನ ಬಳಸೋ ಜನದ ಟೈಮ್ ಬೇರೆ. ಇಷ್ಟು ಸಣ್ಣ ವಿಷ್ಯ ಹೊಳೆಯೋಕೆ ನಂಗೆ ಮೂರು ವರ್ಷನ್ ಬೇಕಾಯ್ತು.

ಸೀಕ್ರೆಟ್‌ಗಳ ಬಗ್ಗೆ ಒಂದೇ ಮಾತು. ನಿಕ್ಸ್ ಸ್ಟೋರ್ (ನಿಕ್ಸ್ ಕಟ್ಟಿದ್ದೆಲ್ಲಾ ಹೋಗಿ ಕೂರೋ ಫೋಲ್ಡರ್) ಒಳಗಿರೋದನ್ನ ಆ ಮಷೀನಿನ ಯಾವ ಯೂಸರ್ ಬೇಕಾದ್ರೂ ಓದಬಹುದು, ಪಾಸ್‌ವರ್ಡನ್ನ ಕಾನ್ಫಿಗ್‌ನಲ್ಲಿ ನೇರವಾಗಿ ಬರೆದ್ರೆ ಅದು ಅಲ್ಲಿಗೇ ಹೋಗಿ ಕೂರುತ್ತೆ. ಸೀಕ್ರೆಟ್‌ಗಳಿಗೆ ಬೀಗ ಹಾಕಿ ಇಡೋ ಸಾಪ್ಸ್-ನಿಕ್ಸ್ ಅಥವಾ ಏಜ್‌ನಿಕ್ಸ್ ಬಳಸಿ. ಬೇಸಲ್ಲಿ ಪಾಸ್‌ವರ್ಡ್ ಕೇಳೋ ಯಾವ ಆಪ್ಷನ್ನೂ ನಾವು ಇಟ್ಟಿಲ್ಲ, ಫೈಲ್ ಎಲ್ಲಿದೆ ಅಂತ ಮಾತ್ರ ಕೇಳುತ್ತೆ, ತಪ್ಪು ಮಾಡೋಕೆ ಜಾಗಾನೇ ಇಲ್ಲ.

ಹೋದ ವಾರ ಹೊಸದಾಗಿ ಸೇರಿರೋ ಹುಡುಗಿ ಮೊದಲ ಸಲ ತಾನೇ ಒಂದು ಮಷೀನ್ ಸೇರಿಸಿದ್ಲು. ಬಿಲ್ಡ್ ಅವಳನ್ನ ನಾಲ್ಕು ಸಲ ನಿಲ್ಲಿಸಿ ಕೇಳ್ತು, ಹೆಸರೇನು, ಯಾವ ರಿಲೀಸಲ್ಲಿ ಹುಟ್ಟಿದ್ದು, ಯಾರ ಕೀ, ಯಾವ ಊರಿನ ಜನಕ್ಕೆ. "ಅಣ್ಣಾ, ಇದೇನು ಗೌರ್ಮೆಂಟ್ ಫಾರ್ಮ್ ಥರ ಕೇಳುತ್ತೆ" ಅಂತ ನಗ್ತಾ ತುಂಬಿಸಿದ್ಲು, ಅರ್ಧ ಗಂಟೇಲಿ ಮಷೀನ್ ಎದ್ದಿತ್ತು, ಗ್ರಾಫಲ್ಲೂ ಕಾಣಿಸ್ತು. ನಾನು ಒಳಗೊಳಗೇ ಬೀಗ್ತಾ ಇದ್ದೆ. ಆಮೇಲೆ ಕೇಳಿದ್ಲು, "ಬ್ಯಾಕಪ್ ಎಲ್ಲಿಗೆ ಹೋಗ್ತಿದೆ ಅಣ್ಣಾ? ಅದನ್ನ ಮಾತ್ರ ಕೇಳ್ಲೇ ಇಲ್ವಲ್ಲಾ."

ತೆಗೆದು ನೋಡಿದ್ರೆ ಬ್ಯಾಕಪ್ ಆಪ್ಷನ್‌ಗೆ ನಾನೇ ಡೀಫಾಲ್ಟ್ ಕೊಟ್ಟಿದ್ದೆ, ಜಾಗ ಹೇಳಿದ್ರೆ ಬ್ಯಾಕಪ್, ಹೇಳ್ದೇ ಇದ್ರೆ ಸುಮ್ನೆ ಇಲ್ಲ. ಎರರೂ ಇಲ್ಲ, ವಾರ್ನಿಂಗೂ ಇಲ್ಲ. ಉಳಿದ ಮಷೀನ್‌ಗಳಲ್ಲಿ ಎಲ್ಲೆಲ್ಲಿ ಹಿಂಗೆ ಬಿಟ್ಟಿದೀವಿ ಅಂತ ಹುಡುಕಿದ್ರೆ ಇನ್ನೊಂದು ಸಿಕ್ತು, ಪುಣ್ಯಕ್ಕೆ ಟೆಸ್ಟ್ ಮಷೀನು. ಡೀಫಾಲ್ಟ್ ಕಿತ್ತಾಕಿದೀನಿ. ಇನ್ಮೇಲೆ ಜಾಗ ಹೇಳ್ಬೇಕು, ಇಲ್ಲಾಂದ್ರೆ "ಬ್ಯಾಕಪ್ ಬೇಡ" ಅಂತ ಬರೆದು ಪಕ್ಕದಲ್ಲಿ ಯಾಕೆ ಅಂತ ಒಂದು ಸಾಲು ಹಾಕ್ಬೇಕು. ಫಾರ್ಮಲ್ಲಿ ಐದನೇ ಕಾಲಂ. ಅದನ್ನ ಸೇರಿಸಿದ್ದು ಅವಳೇ, ಕಾಮೆಂಟೂ ಅವಳೇ ಬರೆದಿದಾಳೆ, ತಾರೀಕು ಸಮೇತ.